ರಿವಿಜನ್ ಕ್ಲಾಸಿನ್ಯಾಗ ಕೆಂಪು ಬ್ಯಾಕ್ಟೀರಿಯಾ

ಇಂಥಾವು ನಾ ಹುಡುಕ್ಕೊಂಡು ಹೋಗಂಗಿಲ್ರಿ, ತಾವಾಗೇ ಬಂದು ನನ್ನ ಕ್ಲಾಸಿನ ಬಾಗ್ಲಾ ಬಡೀತಾವ! ಬಳ್ಳಾರಿ ಗಾಂಧಿನಗರದಾಗ ಸೀರಿ ಅಂಗಡಿ ಮ್ಯಾಲ ಒಂದು ಟ್ಯೂಷನ್ ಸೆಂಟರ್ ಐತಿ. ಹತ್ತನೇ ಕ್ಲಾಸಿನ ಹುಡುಗರಿಗೆ ಪರೀಕ್ಷಾ ಮುಂಚೆ ಬಯಾಲಜಿ ರಿವಿಜನ್ ಮಾಡ್ಸಾಕ ನನ್ನ ತಗೊಂಡ್ರು. ಸೂಕ್ಷ್ಮಜೀವಿಯಿಂದ ಹಿಡ್ದು ವಿಕಾಸ, ಪರಿಸರ, ಎಲ್ಲಾ ಒಂದ ತಿಂಗಳದಾಗ ಮುಗಿಸ್ಬೇಕು! ಮೊದಲನೇ ದಿನಾನ ಸೆಂಟರಿನ ಮಾಲೀಕರು ಹೇಳಿಬಿಟ್ರು: "ನೋಡ್ರಿ ಮೇಡಂ, ಕೊನೀ ಭಾನುವಾರ ಪಾಲಕರು ಬರ್ತಾರ. ಅವರ ಮುಂದ ಹುಡುಗ್ರು ಪಟಪಟ ಉತ್ತರ ಹೇಳಿದ್ರ ನಿಮ್ಮ ಕೆಲಸ ಪಕ್ಕಾ. ತಡವರಿಸಿದ್ರ ನೀವು ಬ್ಯಾರೆ ಕಡಿ ನೋಡ್ಕೊಳ್ರಿ." ನನಗೋ ಇದ ಮೊದಲನೇ ನೌಕರಿ. ನಮ್ಮವ್ವ ಅಷ್ಟರಾಗ ಓಣಿಗೆಲ್ಲಾ ಪೇಡೆ ಹಂಚಿಬಿಟ್ಟಿದ್ಲು!

ಸೂಕ್ಷ್ಮಜೀವಿ

ಸೆಂಟರಿನ್ಯಾಗ ಒಂದು ಮೈಕ್ರೋಸ್ಕೋಪ್ ಐತಿ, ಗಾಜಿನ ಕಪಾಟಿನೊಳಗ, ಬೀಗ ಹಾಕಿ! ಮೊಸರಿನ ಬ್ಯಾಕ್ಟೀರಿಯಾ ತೋರಸ್ತೀನಿ, ಕೊಡ್ರಿ ಸರ್ ಅಂದೆ.

"ಅದು ಅಡ್ಮಿಷನ್ ಟೈಮಿನ್ಯಾಗ ತೋರ್ಸಾಕ ಇರೋದು ಮೇಡಂ, ಪಾಠಕ್ಕಲ್ಲ," ಅಂದ್ರು.

ಕಾಡಿ ಬೇಡಿ ಇಸ್ಕೊಂಡೆ. ಮೊಸರು ಹಚ್ಚಿದ ಗಾಜು ಇಟ್ಟೆ, ಹುಡುಗ್ರು ಸಾಲಾಗಿ ನಿಂತ್ರು. ಮೊದಲನೇ ಹುಡುಗ ಕಣ್ಣಿಟ್ಟೋನ ಕಿರಚಿದ: "ಮೇಡಂ, ಕೆಂಪು ಬ್ಯಾಕ್ಟೀರಿಯಾ! ದಪ್ಪ ದಪ್ಪ ಅದಾವ!" ಎಲ್ಲಾರೂ ನೋಡಿದ್ರು, ಎಲ್ಲಾರಿಗೂ ಕೆಂಪು! ಮಾಲೀಕರೂ ಬಂದು ಇಣುಕಿದ್ರು. "ನೋಡ್ರಿ, ನಮ್ಮ ಮಷೀನಿನ ಪವರ್ ಹೆಂಗೈತಿ!"

ನನಗ ಡೌಟು ಬಂತು. ಕಣ್ಣಿಡೋ ಗಾಜಿನ ಮ್ಯಾಲ ಬೆರಳಾಡಿಸಿದೆ. ಕುಂಕುಮ! ಆಯುಧ ಪೂಜಿಗೆ ಹಚ್ಚಿದ್ದು, ಪರೀಕ್ಷಾ ಬಂದ್ರೂ ಯಾರೂ ವರೆಸಿಲ್ಲ! ಓಢಣಿಲೆ ಉಜ್ಜಿದೆ. ಕೆಂಪು ಹೋತು. ಮಾಲೀಕರು ಮತ್ತ ಇಣುಕಿದ್ರು, ಮಾರಿ ಸಣ್ಣದಾತು.

"ಚಲೋತ್ನಾಗ ಕಾಣಸ್ತಿದ್ವು, ವರೆಸಿ ಕೆಡಿಸಿಬಿಟ್ರಿ ನೋಡ್ರಿ!"

ವಿಕಾಸ

ಮರುವಾರ ವಿಕಾಸದ ಪಾಠ. ಸಿರುಗುಪ್ಪದಿಂದ ಮಗಳನ್ನ ಬೈಕಿನ ಮ್ಯಾಲ ಕರ್ಕೊಂಡು ಬರೋ ಒಬ್ಬ ಅಪ್ಪ, ಹೆಲ್ಮೆಟ್ ಸೈತ ತೆಗೀದಂಗ ಒಳಗ ನುಗ್ಗಿದ.

"ಏನ್ ಮೇಡಂ, ಮಂಗ್ಯಾ ನಮ್ಮ ಮುತ್ಯಾ ಅಂತ ಹೇಳ್ಕೊಟ್ಟೀರಂತಲ್ಲ?"

"ಇಲ್ರಿ ಅಣ್ಣಾರೆ! ಮುತ್ಯಾ ಅಲ್ಲ. ಭಾಳ ಹಿಂದಕ ನಮಗೂ ಅದಕ್ಕೂ ಒಬ್ಬನ ಹಿರಿಯ. ಆಮ್ಯಾಲ ಅವ್ರು ಬ್ಯಾರೆ ಆದ್ರು, ನಾವು ಬ್ಯಾರೆ ಆದ್ವಿ."

ಆ ಮನುಷ್ಯಾ ಹೆಲ್ಮೆಟ್ ತೆಗದು ಬೆಂಚಿನ ಮ್ಯಾಲ ಕುಂತ. "ಅಂದ್ರ ದಾಯಾದಿ ಅನ್ರಿ."

"ಹೂಂ ರಿ, ಹಂಗ ಅಂದ್ಕೊಳ್ರಿ!"

"ಹಂಗಾದ್ರ ತಂಟೆ ಇಲ್ಲ ಬಿಡ್ರಿ," ಅಂದು ಎದ್ದು ನಿಂತ. "ನಮ್ಮ ಖಾಸಾ ಅಣ್ಣನ ಕೂಡನ ಮಾತಿಲ್ಲ, ಇನ್ನ ಮಂಗ್ಯಾನ ಕೂಡ ಯಾರು ಮಾತಾಡ್ತಾರ!"

ಪರಿಸರ

ಪರಿಸರ ಪಾಠಕ್ಕ ಕುರುಗೋಡಿಗೆ ಕರ್ಕೊಂಡು ಹೋದ್ವಿ. ಹೊಲ, ಗುಡ್ಡ, ಹಕ್ಕಿ, ಹುಳಾ ತೋರ್ಸಬೇಕು ಅಂತ ನನ್ನ ಆಸೆ. ಮಾಲೀಕರು ತಂದಿದ್ದು ಏನ್ರಿ? "ಪರಿಸರ ಉಳಿಸಿ" ಅಂತ ಒಂದು ದೊಡ್ಡ ಫ್ಲೆಕ್ಸು! ಅದರಾಗ ಪರಿಸರ ಮೂಲ್ಯಾಗ, ನಡುವ ಇವರ ಫೋಟೋ! ಅದನ್ನ ಬೇವಿನ ಗಿಡಕ್ಕ ಮೊಳಿ ಹೊಡ್ದು ಕಟ್ಟಿಸಿದ್ರು.

"ಸರ್, ಗಿಡಕ್ಕ ಮೊಳಿ..."

"ಗಟ್ಟಿ ಗಿಡ ಐತ್ರಿ, ಏನಾಗಂಗಿಲ್ಲ. ಫ್ಲೆಕ್ಸ್ ಹರೀಬಾರ್ದು."

ಆಮ್ಯಾಲ ಫೋಟೋಕ್ಕ ಒಂದ ಒಂದು ಸಸಿ. ಅದಕ್ಕ ಎಲ್ಲಾರೂ ಕೈ ಹಚ್ಚಿ ನಿಂತ್ರು. ಅಷ್ಟರಾಗ ಎಲ್ಲಿಂದಲೋ ಒಂದು ಆಡು ಬಂದು ಸಸಿ ತುದಿಗೆ ಬಾಯಿ ಹಾಕಿತು! ನನಗ ಖುಷಿ ತಡೀಲಿಲ್ಲ, "ನೋಡ್ರಿ ನೋಡ್ರಿ, ಉತ್ಪಾದಕ, ಭಕ್ಷಕ!" ಅಂತ ಚಪ್ಪಾಳಿ ಹೊಡದೆ. ಮಾಲೀಕರು ಚಪ್ಪಲಿ ಕೈಯಾಗ ಹಿಡ್ಕೊಂಡು ಆಡಿನ ಹಿಂದ ಬಿದ್ರು. ಆಡು ಕಾಯೋ ಅವ್ವ ಸುಮ್ನಿರ್ತಾಳೇನು?

"ಏ ಯಪ್ಪಾ, ಇಷ್ಟು ಮಂದಿ ಹಿಡ್ಕೊಂಡಿದ್ದು ಇದೊಂದ ಸಸೀನಾ? ಬಡ ಆಡಿನ ಮ್ಯಾಲ ಯಾಕ ಸಿಟ್ಟು?"

ಮಾಲೀಕರು ಗಪ್ಪನ ಕೈ ಮುಗಿದ್ರು. "ಅವ್ವಾ, ಫೋಟೋ ಆಗೋತನ ತಡಿ. ಆಮ್ಯಾಲ ಬೇಕಾದಂಗ ತಿನ್ನಿಸು!"

ಪಾಲಕರ ಭಾನುವಾರ

ಬಂತಲ್ಲ ಆ ಭಾನುವಾರ! ಹುಡುಗರಿಗೆ ತಿಳಿಯಂಗ ಹೇಳ್ತೀನಿ ಅಂದ್ರ ಮಾಲೀಕರು ಕೇಳಲಿಲ್ಲ. ಮುಂದಿನ ಬೆಂಚಿನ ನಾಕು ಮಂದಿಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬಾಯಿಪಾಠ ಮಾಡ್ಸಿದ್ರು. ಬೆರಳು ತೋರ್ಸಿದ ಕೂಡ್ಲೇ ಎದ್ದು ಒದರಬೇಕು, ತಡವರಿಸಬಾರ್ದು. ಆದ್ರ ಮೊದಲನೇ ಜಾಗದ ಹುಡುಗಿ ತೆಕ್ಕಲಕೋಟೆದಾಕಿ, ಬಸ್ಸು ಲೇಟಾತು. ಮಾಲೀಕರು ಉಳಿದೋರನ್ನ ಒಂದೊಂದು ಜಾಗ ಮುಂದಕ್ಕ ಸರಿಸಿ, ಓಡಿ ಬಂದಾಕಿನ್ನ ಕೊನಿಗೆ ಕುಂದ್ರಿಸಿದ್ರು. ಪ್ರಶ್ನಿ ಮಾತ್ರ ಮೊದಲು ಗೊತ್ತು ಮಾಡಿದ ಕ್ರಮದಾಗ ಕೇಳ್ಕೊಂತ ಹೋದ್ರು!

"ವೈರಸ್ ಅಂದ್ರೇನು?"

"ಹಸಿರು ಎಲೆಗಳು ಸೂರ್ಯನ ಬೆಳಕಿನಲ್ಲಿ ಆಹಾರ ತಯಾರಿಸುವುದು!"

ನಾ ಕೈ ಸನ್ನಿ ಮಾಡಿದೆ, ಮಾಲೀಕರು ನನ್ನ ಕಡಿ ನೋಡಲೇ ಇಲ್ಲ.

"ದ್ಯುತಿಸಂಶ್ಲೇಷಣೆ?"

"ಲಕ್ಷಾಂತರ ವರ್ಷಗಳಲ್ಲಿ ನಿಧಾನವಾಗಿ ಆಗುವ ಬದಲಾವಣೆ!"

"ವಿಕಾಸ?"

"ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಹಾವು ತಿನ್ನುವುದು!"

"ಆಹಾರ ಸರಪಳಿ?"

ತೆಕ್ಕಲಕೋಟೆ ಹುಡುಗಿ ಇನ್ನೂ ಏದುಸಿರು ಬಿಡಾಕತ್ತಿದ್ಲು, ಆದ್ರೂ ಎಲ್ಲಾರಿಗಿಂತ ಜೋರು: "ಕಣ್ಣಿಗೆ ಕಾಣದು, ದೇಹ ಹೊಕ್ಕು ಕಾಯಿಲೆ ತರುವುದು!"

ನನ್ನ ನೌಕರಿ ಹೋತು ಅಂತ ಕಣ್ಣು ಮುಚ್ಚಿದೆ. ಕಿವ್ಯಾಗ ಬಂದಿದ್ದು ಏನು ಗೊತ್ತೈತೇನ್ರಿ? ಚಪ್ಪಾಳಿ! ಸಿರುಗುಪ್ಪದ ಅಪ್ಪ ಎದ್ದು ನಿಂತು ಹೊಡೀತಿದ್ದ: "ಒಂದು ಅಕ್ಷರ ತಿಳಿಲಿಲ್ರಿ ನನಗ! ಭಾರೀ ಪಾಠ!"

ತಡೀಲಾರ್ದೆ ನಾ ಮಾಲೀಕರ ಕಿವ್ಯಾಗ ಹೇಳಿದೆ. "ಸರ್, ನಾಕೂ ತಪ್ಪು ರೀ! ಹುಡುಗ್ರು ಪರೀಕ್ಷಾದಾಗ ಇದನ್ನ ಬರದು ಬರ್ತಾವ!"

"ಮೆಲ್ಲಕ ರೀ! ಇಡೀ ಹಾಲಿನ್ಯಾಗ ಅದು ಗೊತ್ತಾಗಿದ್ದು ನಿಮಗೊಬ್ರಿಗೆ. ಕೆಲಸ ಪಕ್ಕಾ, ಹೋಗ್ರಿ. ಸೋಮವಾರದಿಂದ ಕೆಮಿಸ್ಟ್ರಿನೂ ನೀವ ತಗೊಳ್ರಿ."

"ಸರ್, ನನಗ ಕೆಮಿಸ್ಟ್ರಿ ಬರಂಗಿಲ್ರಿ!"

"ಇನ್ನೂ ಚಲೋ ಆತು," ಅಂದ್ರು ಮಾಲೀಕರು, ಪಾಲಕರಿಗೆ ಕೈ ಮುಗ್ಕೊಂತ. "ತಪ್ಪು ಅಂತ ಹೇಳೋರು ಒಬ್ರೂ ಇರಂಗಿಲ್ಲ!"