ಕಾಶ್ಯಪ ಗೋತ್ರದ ಸೆನೆಟರ್

ಓಟಿಲ್ಲದವನಿಗೇ ಚುನಾವಣೆಯ ಚಿಂತೆ ಜಾಸ್ತಿ ಎಂಬುದಕ್ಕೆ ನಾನೇ ಸಾಕ್ಷಿ. ತೊಂಬತ್ತರ ದಶಕ, ಅಮೆರಿಕದ ಸೆಂಟರ್‌ವಿಲ್‌ನಲ್ಲಿ ನಾವಿನ್ನೂ ಹೊಸಬರು. ಅಧ್ಯಕ್ಷ ಪದವಿಗೆ ಪಕ್ಷದ ಹುರಿಯಾಳು ಯಾರೆಂದು ಇಲ್ಲಿ ಒಂದೊಂದೇ ರಾಜ್ಯದಲ್ಲಿ ಓಟು ಹಾಕಿ ತೀರ್ಮಾನಿಸುತ್ತಾರೆ. ವೀಸಾದ ಮೇಲೆ ಬದುಕುತ್ತಿದ್ದ ನನಗೆ ಅದನ್ನು ಕಟ್ಟಿಕೊಂಡು ಏನಾಗಬೇಕಿತ್ತು ಅನ್ನುತ್ತೀರಾ? ನನ್ನ ಗ್ರೀನ್ ಕಾರ್ಡ್ ಅರ್ಜಿಗೆ ಸಹಿ ಹಾಕಬೇಕಾದ ಬಾಸ್ ವಾಲ್ಟರ್ ಆ ಕಣದಲ್ಲಿದ್ದ ಒಬ್ಬ ಸೆನೆಟರ್‌ನ ಪರಮಭಕ್ತ. ವೀಸಾ ಮುಗಿಯುತ್ತಾ ಬಂದಿತ್ತು, ಅರ್ಜಿ ಮಾತ್ರ ಅವನ ಮೇಜಿನ ಮೇಲೆ ಹಾಯಾಗಿ ಮಲಗಿತ್ತು. ಅಷ್ಟರಲ್ಲಿ ಸೆನೆಟರ್ ಮೊದಲ ರಾಜ್ಯ ಅಯೋವಾದಲ್ಲಿ ಮೂರನೆಯವನಾದ. ವಾಲ್ಟರ್ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು.

"ಸೆನೆಟರ್ ಗೆದ್ರೆ ಬಾಸ್ ಖುಷಿ, ಬಾಸ್ ಖುಷಿಯಾದ್ರೆ ಸಹಿ. ಅಷ್ಟೇ ರೀ," ಎಂದಳು ನನ್ನ ಹೆಂಡತಿ ಪದ್ಮ. ತಹಶೀಲ್ದಾರರ ಮುಖ ನೋಡಿಕೊಂಡು ಅರ್ಜಿ ಕೊಡುತ್ತಿದ್ದ ವಂಶ ನಮ್ಮದು. ನನಗೂ ಸರಿಯೆನಿಸಿತು. ಶನಿವಾರವೇ ದೇವಸ್ಥಾನಕ್ಕೆ ಹೋಗಿ ಸೆನೆಟರ್ ಹೆಸರಿನಲ್ಲಿ ಅರ್ಚನೆಗೆ ನಿಂತೆವು.

"ಗೋತ್ರ?" ಎಂದರು ಅರ್ಚಕರು.

ನಾನು ತಲೆ ಕೆರೆದುಕೊಂಡೆ. "ಅವರ ಕಡೆ ಗೋತ್ರ ಇರಲ್ಲ ಅನ್ಸುತ್ತೆ..."

"ಗೊತ್ತಿಲ್ಲದೋರಿಗೆಲ್ಲ ಕಾಶ್ಯಪ," ಎಂದು ಅವರು ಚೂರೂ ನಗದೆ ಮಂತ್ರ ಮುಂದುವರಿಸಿದರು.

ನಂಬಿದರೆ ನಂಬಿ, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸೆನೆಟರ್ ಗೆದ್ದೇಬಿಟ್ಟ! ಬಾಸ್ ನನ್ನನ್ನು ತಬ್ಬಿಕೊಂಡ. ಮರುದಿನವೇ ರಜೆ ಹಾಕಿ ಪ್ರಚಾರಕ್ಕೆಂದು ಸೌತ್ ಕ್ಯಾರೊಲಿನಾಗೆ ಹೊರಟ. ಹೋಗಲಿ, ಬಂದ ಮೇಲೆ ಸಹಿ ಹಾಕುತ್ತಾನೆಂದು ಇನ್ನೊಂದು ಅರ್ಚನೆ ಮಾಡಿಸಿದೆ. ಅಲ್ಲೂ ಗೆಲುವು. ಬಾಸ್ ಊರಿಗೂ ಬಾರದೆ ಅಲ್ಲಿಂದಲೇ ಜಾರ್ಜಿಯಾ ದಾರಿ ಹಿಡಿದ. ಅಲ್ಲಿನ ಅಟ್ಲಾಂಟಾದಲ್ಲಿದ್ದ ಭಾಮೈದ ಸುಬ್ಬುವಿಗೆ ಫೋನ್ ಮಾಡಿದೆ.

"ಇಲ್ಲಿ ಎಲ್ಲರ ಮನೆ ಮುಂದೂ ಎದುರಾಳಿಯ ಬೋರ್ಡೇ ಭಾವ. ನಿಮ್ಮೋನು ಹೋದ, ಬಿಡಿ."

"ಏನಾದ್ರೂ ಮಾಡೋ! ಪಕ್ಕದ ಮನೆಯೋರಿಗೆ ಹೇಳು!"

"ನನಗೇ ಓಟಿಲ್ಲ, ನಾನೇನ್ ಕ್ಯಾನ್ವಾಸ್ ಮಾಡ್ಲಿ?" ಎಂದ.

ಮೂರನೆಯ ಅರ್ಚನೆಗೆ ಒಯ್ದ ತೆಂಗಿನಕಾಯಿ ಕೊಳೆತಿತ್ತು. ಜಾರ್ಜಿಯಾದಲ್ಲಿ ಸೆನೆಟರ್‌ಗೆ ಡಿಪಾಜಿಟ್ಟೂ ಉಳಿಯದಂಥ ಸೋಲು. ಕಣದಿಂದಲೇ ಹಿಂದೆ ಸರಿದ. ಇನ್ನು ಗಂಟುಮೂಟೆ ಕಟ್ಟುವುದೇ ಸೈ ಎಂದುಕೊಂಡು, ಸಾವಿನ ಮನೆಗೆ ಹೋಗುವವನ ಹಾಗೆ ಆಫೀಸಿಗೆ ಹೋದೆ. ವಾಲ್ಟರ್ ತಣ್ಣಗೆ ಕಾಫಿ ಕುಡಿಯುತ್ತಾ ಕೂತಿದ್ದ. ಇನ್ನು ತನಗೇನು ಕೆಲಸವಿದೆ ಎಂದವನೇ ನನ್ನ ಅರ್ಜಿಯನ್ನು ಎಳೆದುಕೊಂಡು, ಟಕಟಕ ಸಹಿ ಹಾಕಿಬಿಟ್ಟ. ಸೆನೆಟರ್ ಗೆದ್ದಿದ್ದರೆ ಬೇಸಿಗೆಯವರೆಗೂ ತಾನು ಈ ಕಡೆ ತಲೆ ಹಾಕುತ್ತಿರಲಿಲ್ಲವೆಂದೂ ಹೇಳಿದ.

"ಅಯ್ಯೋ, ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕ್ಕೋತಿದ್ವಲ್ಲ ರೀ!" ಎಂದು ಪದ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರು ಅರ್ಚನೆಗಳಲ್ಲಿ ಒಂದನ್ನೂ ನನ್ನ ಹೆಸರಿನಲ್ಲಿ ಮಾಡಿಸಿರಲಿಲ್ಲ ಎಂಬುದು ಆಗ ಹೊಳೆಯಿತು. ಶನಿವಾರ ನೆಮ್ಮದಿಯಾಗಿ ದೇವಸ್ಥಾನಕ್ಕೆ ಹೋಗಿ, ಈ ಸಲ ನನ್ನದೇ ಹೆಸರು ಹೇಳಿದೆ.

"ಗೋತ್ರ?"

"ಕಾಶ್ಯಪ," ಎಂದೆ, ರೂಢಿಯಂತೆ.

"ರೀ, ನಿಮ್ದು ಭಾರದ್ವಾಜ!" ಪದ್ಮ ಮೊಣಕೈ ತಿವಿದಳು.

ಅರ್ಚಕರು ನನ್ನನ್ನೊಮ್ಮೆ ನೋಡಿದರು. "ಇರ್ಲಿ ಬಿಡಮ್ಮ. ಗೊತ್ತಿಲ್ಲದೋರಿಗೆಲ್ಲ ಕಾಶ್ಯಪಾನೇ."