ಹೂಬಳ್ಳಿ ಅಂಚಿನ ಮೂಗರ್ಜಿ

ಕೈಬರಹ ಚೆನ್ನಾಗಿರುವ ಮನುಷ್ಯ ನೆಮ್ಮದಿಯಿಂದ ಬದುಕಿದ್ದನ್ನು ನಾನು ಕಂಡಿಲ್ಲ. ಲಗ್ನಪತ್ರಿಕೆಯ ಲಕೋಟೆಗೆ ವಿಳಾಸ ಬರೆಯುವುದರಿಂದ ಹಿಡಿದು ತೀರಿಕೊಂಡವರ ಫೋಟೋದ ಕೆಳಗೆ ಹೆಸರು ಬರೆಯುವವರೆಗೆ ಊರಿನ ಶುಭ ಅಶುಭಗಳೆಲ್ಲ ಅವನ ಮನೆ ಬಾಗಿಲು ತಟ್ಟಿಯೇ ಮುಂದಕ್ಕೆ ಹೋಗುತ್ತವೆ. ನಾನು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ‘ಇಲ್ಲಿ ಕೈ ತೊಳೆಯಬಾರದು’ ಎಂಬ ಬೋರ್ಡು ನನ್ನದೇ. ಎಲ್ಲರೂ ಅಲ್ಲೇ ಕೈ ತೊಳೆಯುತ್ತಾರೆ. ತೊಳೆಯುತ್ತಾ ‘ಅಕ್ಷರ ಮುದ್ದಾಗಿವೆ’ ಎನ್ನುತ್ತಾರೆ. ನಮ್ಮ ಫುಟ್ಬಾಲ್ ಸಂಘ ಆಟ ಇಟ್ಟುಕೊಂಡಾಗ ಅದೇ ಬಸ್‌ಸ್ಟ್ಯಾಂಡಿನ ಕಪ್ಪು ಹಲಗೆಯ ಮೇಲೆ ಸುತ್ತಲೂ ಹೂಬಳ್ಳಿ ಬಿಡಿಸಿ ಸುದ್ದಿ ಬರೆಯುವವನೂ ನಾನೇ. ಹೂಬಳ್ಳಿ ಇಲ್ಲದೆ ನಾನು ಏನನ್ನೂ ಬರೆದವನಲ್ಲ. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲವಾದ್ದರಿಂದ ಮೊದಲೇ ಹೇಳಿಬಿಟ್ಟಿದ್ದೇನೆ.

ಫುಟ್ಬಾಲ್ ನಮ್ಮೂರಿನ ಆಟವಲ್ಲ. ನಮ್ಮದೇನಿದ್ದರೂ ವಾಲಿಬಾಲ್, ಕಬಡ್ಡಿ, ಮತ್ತು ಇವೆರಡರ ಕೊನೆಯಲ್ಲಿ ನಡೆಯುವ ಜಗಳ. ಫುಟ್ಬಾಲನ್ನು ಇಲ್ಲಿಗೆ ತಂದವರು ಓವರ್ಸಿಯರ್ ಗಂಗಾಧರಪ್ಪ. ಅಂಜನಾಪುರದ ಕಾಲುವೆ ನೋಡಿಕೊಳ್ಳುವ ಕೆಲಸಕ್ಕೆ ವರ್ಗವಾಗಿ ಬಂದವರು. ಚಿಕ್ಕಂದಿನಲ್ಲಿ ಭದ್ರಾವತಿಯಲ್ಲಿದ್ದು ಅಲ್ಲಿನ ಫುಟ್ಬಾಲ್ ನೋಡಿ ಬೆಳೆದವರಂತೆ. ನೋಡಿದ್ದರು ಎಂಬುದನ್ನು ನಂಬಬಹುದಿತ್ತು. ಆಡಿದ್ದರು ಎಂದು ನಂಬಲು ಅವರ ಹೊಟ್ಟೆ ಬಿಡುತ್ತಿರಲಿಲ್ಲ. ಬಂದ ವರ್ಷವೇ ಹನ್ನೊಂದು ಹುಡುಗರನ್ನು ಸೇರಿಸಿ, ರೈಸ್ ಮಿಲ್ ಚನ್ನಬಸಪ್ಪನವರನ್ನು ಅಧ್ಯಕ್ಷರನ್ನಾಗಿ ಮಾಡಿ, ತಮ್ಮನ್ನು ತಾವೇ ಮ್ಯಾನೇಜರ್ ಎಂದು ಕರೆದುಕೊಂಡರು. ಬೇರೆ ಯಾರಿಗೂ ಆ ಹುದ್ದೆಯಲ್ಲಿ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು.

ಗಂಗಾಧರಪ್ಪನವರ ಫುಟ್ಬಾಲ್ ವಿದ್ಯೆ ಕಾಲುವೆಯಿಂದ ಹುಟ್ಟಿದ್ದು. ಅವರ ಪ್ರಕಾರ ಚೆಂಡು ಎಂದರೆ ನೀರು, ನಮ್ಮ ಗೋಲು ಎಂದರೆ ಕೆರೆಯ ಏರಿ. ಏರಿ ಒಡೆಯದಂತೆ ಕಾಯುವುದೇ ಆಟ. ಆದ್ದರಿಂದ ಹನ್ನೊಂದು ಜನರನ್ನೂ ಗೋಲಿನ ಮುಂದೆ ಮರಳಿನ ಚೀಲ ಪೇರಿಸಿದ ಹಾಗೆ ನಿಲ್ಲಿಸುತ್ತಿದ್ದರು. ಅಪ್ಪಿತಪ್ಪಿ ಚೆಂಡು ನಮ್ಮವರ ಕಾಲಿಗೆ ಸಿಕ್ಕರೆ ಗೆರೆಯಾಚೆಯಿಂದ “ತೂಬು ಹಾಕ್ರೋ, ತೂಬು ಹಾಕ್ರೋ!” ಎಂದು ಕೂಗುತ್ತಿದ್ದರು. ಮುಂದಕ್ಕೆ ಹೋಗಿ ಎಂದು ಆರು ವರ್ಷದಲ್ಲಿ ಒಮ್ಮೆಯೂ ಕೂಗಲಿಲ್ಲ. ಪ್ರತಿ ವರ್ಷ ಸೊರಬದವರ ಮೇಲೆ ಒಂದು ಪಂದ್ಯ ಇರುತ್ತಿತ್ತು. ಆರು ವರ್ಷ, ಆರು ಪಂದ್ಯ, ಆರೂ ಸಲ ಸೊನ್ನೆ-ಸೊನ್ನೆ. ಎತ್ತಿನ ಗಾಡಿ, ಲಾರಿ, ಸೈಕಲ್ಲುಗಳಲ್ಲಿ ಬಂದ ಜನ ಒಂದೂವರೆ ಗಂಟೆ ಬಿಸಿಲಲ್ಲಿ ನಿಂತು, ಏನೂ ಆಗದ್ದನ್ನು ನೋಡಿಕೊಂಡು ವಾಪಸು ಹೋಗುತ್ತಿದ್ದರು. ಕೇಳಿದರೆ ಗಂಗಾಧರಪ್ಪ ಹಣೆಯ ಬೆವರೊರೆಸಿಕೊಂಡು, “ಸೋತಿಲ್ವಲ್ಲ ರೀ?” ಎನ್ನುತ್ತಿದ್ದರು.

ಅಭಿಮಾನಿಗಳೆಂಬ ನಾವು ಮೈದಾನದ ಪಕ್ಕದ ಕಟ್ಟೆಯ ಮೇಲೆ ಕೂರುತ್ತಿದ್ದೆವು. ನಮ್ಮಲ್ಲಿ ಯಾರೂ ಚೆಂಡನ್ನು ಒದ್ದವರಲ್ಲ. ಆದರೆ ಮೆಡಿಕಲ್ ಸ್ಟೋರ್ ವೀರೇಶಿಯ ಮನೆಗೆ ಕಲರ್ ಟಿ.ವಿ. ಬಂದ ಮೇಲೆ, ಯಾವುದೋ ದೇಶದವರು ಇನ್ಯಾವುದೋ ದೇಶದವರ ಮೇಲೆ ಆಡಿದ್ದನ್ನು ನೋಡಿ ಎಲ್ಲರೂ ಪಂಡಿತರಾಗಿದ್ದೆವು. ಅದರಲ್ಲೂ ವೀರೇಶಿ ಮತ್ತು ನಾನು. ಗಂಗಾಧರಪ್ಪ ಬಿಸಿಲಿಗೆ ಕೊಡೆ ಹಿಡಿದು ನಿಂತರೆ ನಮಗೆ ಸಿಟ್ಟು, ಮಡಿಸಿದರೆ ಅನುಮಾನ. “ಈ ಓವರ್ಸಿಯರ್ ಇರೋ ತನಕ ನಮ್ ಹುಡುಗ್ರು ಉದ್ಧಾರ ಆಗಂಗಿಲ್ಲ ಬಿಡ್ರಿ” ಎಂದು ವೀರೇಶಿ ವಾರಕ್ಕೊಮ್ಮೆ ತೀರ್ಪು ಕೊಡುತ್ತಿದ್ದ. ಆರನೆಯ ಸೊನ್ನೆ-ಸೊನ್ನೆಯ ಮರುದಿನ ಕಟ್ಟೆಯ ಮೇಲೆ ನನ್ನ ಕಡೆ ತಿರುಗಿ, “ಮೇಷ್ಟ್ರೇ, ಒಂದು ಮೂಗರ್ಜಿ ಹಾಕ್ರಿ. ನಿಮ್ಮ ಅಕ್ಷರ ಚೆನ್ನಾಗೈತೆ” ಎಂದ. ಹೆಸರು ಬಚ್ಚಿಟ್ಟುಕೊಂಡು ಬರೆಯುವ ಅರ್ಜಿಗೆ ಚೆನ್ನಾಗಿರುವ ಅಕ್ಷರ ಯಾಕೆ ಬೇಕು ಎಂದು ಅವನೂ ಯೋಚಿಸಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ನಾನಂತೂ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.

ಆ ಭಾನುವಾರ ಊಟ ಮುಗಿಸಿ ಬರೆಯಲು ಕೂತೆ. ಮೂಗರ್ಜಿ ಬರೆಯುವವರು ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆಯುತ್ತಾರೆಂದು ಕೇಳಿದ್ದೆ. ನಾನೂ ಹಾಗೇ ಬರೆದೆ. ಬರೆದು ನೋಡಿದರೆ ಅಕ್ಷರಗಳು ಹೊಟ್ಟೆನೋವು ಬಂದವರಂತೆ ಮಡಚಿಕೊಂಡು ಬಿದ್ದಿದ್ದವು. ಇಂಥದ್ದನ್ನು ಮೇಲಿನ ಸಾಹೇಬರು ಓದುತ್ತಾರೆಯೇ? ಶಿಕಾರಿಪುರದವರಿಗೆ ಇಷ್ಟೇ ಬರೆಯಲು ಬರುವುದು ಎಂದುಕೊಂಡರೆ ಊರಿನ ಮರ್ಯಾದೆ ಏನಾಗಬೇಕು? ಹರಿದು ಹಾಕಿ, ದಪ್ಪ ಡ್ರಾಯಿಂಗ್ ಹಾಳೆ ತೆಗೆದು ಬಲಗೈಯಲ್ಲೇ ಬರೆದೆ. ಒಂದು: ಇವರು ಹನ್ನೊಂದು ಜನರನ್ನೂ ಹಿಂದೆ ನಿಲ್ಲಿಸುತ್ತಾರೆ. ಎರಡು: ಎದುರಾಳಿ ಕಾರ್ನರ್ ಒದೆಯುವಾಗ ಧೈರ್ಯವಾಗಿ ನೋಡದೆ ಕಣ್ಣು ಮುಚ್ಚಿ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಳ್ಳುತ್ತಾರೆ. ಮೂರು: ಆಟ ಮುಗಿದ ಮೇಲೆ ನೆಲದ ಮೇಲೆ ಕೂತು ಬರಿಗಾಲಿನ ಹುಡುಗರ ಪಾದ ತೊಡೆಯ ಮೇಲಿಟ್ಟುಕೊಂಡು ಪಿನ್ನಿನಿಂದ ಮುಳ್ಳು ತೆಗೆಯುತ್ತಾರೆ, ಇದು ಮ್ಯಾನೇಜರ್ ಹುದ್ದೆಯ ಘನತೆಗೆ ತಕ್ಕುದಲ್ಲ. ನಾಲ್ಕು: ಕಚೇರಿಯ ಜೀಪಿನಲ್ಲಿ ಚೆಂಡು ಕೂರಿಸಿಕೊಂಡು ಕಾಲುವೆ ನೋಡಲು ಹೋಗುತ್ತಾರೆ. ಆದ್ದರಿಂದ ಇವರನ್ನು ದೂರದ ಸ್ಥಳಕ್ಕೆ ವರ್ಗಾಯಿಸಬೇಕು. ಇಂತಿ, ನೊಂದ ಕ್ರೀಡಾಭಿಮಾನಿ. ಹಾಳೆಯ ಅಂಚು ಬೋಳುಬೋಳಾಗಿ ಕಂಡಿತು. ಕೈ ತಡೆಯಲಿಲ್ಲ. ಸುತ್ತ ಹೂಬಳ್ಳಿ ಬಿಡಿಸಿ ಟಪಾಲಿಗೆ ಹಾಕಿದೆ.

ಮೂರು ತಿಂಗಳಿಗೆ ಆರ್ಡರ್ ಬಂತು. ಗಂಗಾಧರಪ್ಪನವರಿಗೆ ವರ್ಗ. ಎಲ್ಲಿಗೆ? ಸೊರಬಕ್ಕೆ! ‘ದೂರದ ಸ್ಥಳ’ ಎಂದು ನಾನು ಬರೆದದ್ದು ಬೀದರೋ ರಾಯಚೂರೋ ಆದೀತೆಂದು. ನಮ್ಮ ಪಕ್ಕದ ತಾಲ್ಲೂಕಿಗೆ, ಅದೂ ನಮ್ಮ ಎದುರಾಳಿಗಳ ಮಡಿಲಿಗೆ ಹಾಕುತ್ತಾರೆಂದು ಯಾರಿಗೆ ಗೊತ್ತಿತ್ತು?

ಆ ವಾರ ಕಟ್ಟೆಯ ಮೇಲೆ ಮನುಷ್ಯಸ್ವಭಾವದ ಪೂರ್ತಿ ಪ್ರದರ್ಶನ ನಡೆಯಿತು. ಸೋಮವಾರ ವೀರೇಶಿ, “ಪೀಡೆ ತೊಲಗ್ತು” ಎಂದು ಎಲ್ಲರಿಗೂ ಚಹಾ ಕುಡಿಸಿದ. ಬುಧವಾರ, “ಏನೇ ಅನ್ರಿ, ಒಂದು ಮ್ಯಾಚೂ ಸೋತಿರ್ಲಿಲ್ಲ” ಎಂದ. ಗುರುವಾರ, “ಸೊರಬದೋರು ಬೇಕಂತ್ಲೇ ಎಳ್ಕೊಂಡಾರೆ. ಇಂಥಾ ಮನುಷ್ಯನ್ನ ಯಾರು ಬಿಡ್ತಾರ್ರೀ?” ಎಂದು ಹಲ್ಲು ಕಡಿದ. ಶನಿವಾರದ ಹೊತ್ತಿಗೆ ಬೀಳ್ಕೊಡುಗೆಯ ಶಾಲು ಯಾವ ಬಣ್ಣದ್ದಿರಬೇಕು ಎಂದು ಅವನೇ ವಾದ ಮಾಡುತ್ತಿದ್ದ. ಬೈಯುವವರಿಗೆ ಬೈಸಿಕೊಳ್ಳುವವರು ಹೊರಟುಹೋದರೆ ಎಷ್ಟು ಅನಾಥಭಾವ ಬರುತ್ತದೆಂದು ನೋಡಿ ನನಗೆ ನಗು ಬಂತು. ಆಗಲೇ ಅಧ್ಯಕ್ಷ ಚನ್ನಬಸಪ್ಪನವರು, “ಮೇಷ್ಟ್ರೇ, ಬಿನ್ನವತ್ತಳೆ ನೀವೇ ಬರೀಬೇಕು. ಕಣ್ಣಾಗೆ ನೀರು ಬರ್ಬೇಕು ನೋಡ್ರಿ” ಎಂದರು. ನನ್ನ ನಗು ನಿಂತಿತು.

ಬರೆದೆ. ಏನು ಬರೆದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ‘ಕ್ರೀಡಾಗಗನದ ಧ್ರುವತಾರೆಯೇ’ ಎಂದು ಶುರು ಮಾಡಿದೆ. ‘ಶಿಸ್ತಿನ ಸಾಕಾರಮೂರ್ತಿಯೇ’, ‘ವಿಜಯಲಕ್ಷ್ಮಿಯ ವರಪುತ್ರನೇ’ ಎಂದು ಇಳಿದು ಬಂದೆ. ಆರು ವರ್ಷದಲ್ಲಿ ವಿಜಯಲಕ್ಷ್ಮಿ ಮೈದಾನದ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಸುತ್ತ ಅದೇ ಹೂಬಳ್ಳಿ. ಕಟ್ಟು ಹಾಕಿಸಿ, ಸಭೆಯಲ್ಲಿ ನಾನೇ ಓದಿದೆ. ವೀರೇಶಿ ಕರ್ಚೀಫು ತೆಗೆದ. ಗಂಗಾಧರಪ್ಪ ಮಾತ್ರ ಅಳಲಿಲ್ಲ. ಶಾಲು ಹೊದ್ದು, ನನ್ನ ಕೈಯಿಂದ ಪಟ ತೆಗೆದುಕೊಂಡು, ಅಕ್ಷರಗಳನ್ನು ಹತ್ತಿರದಿಂದ ನೋಡಿ, ಬಳ್ಳಿಯ ಮೇಲೆ ಬೆರಳಾಡಿಸಿ, “ಮೇಷ್ಟ್ರೇ, ನಿಮ್ಮ ಕೈ ಎಲ್ಲಿದ್ರೂ ಗೊತ್ತಾಗುತ್ತೆ ನೋಡಿ” ಎಂದರು. ಹೊಗಳಿದರೆಂದುಕೊಂಡು ನಾನು ಹಲ್ಲು ಬಿಟ್ಟೆ.

ಅವರು ಹೋದ ಮೇಲೆ ಮ್ಯಾನೇಜರ್ ಯಾರು ಎಂಬ ಪ್ರಶ್ನೆ ಎದ್ದಿತು. ಆರು ವರ್ಷ ಎಲ್ಲರಿಗಿಂತ ಜೋರಾಗಿ ತಪ್ಪು ಹುಡುಕಿದವನಿಗೆ ಸರಿ ಗೊತ್ತಿರಲೇಬೇಕು ಎಂದು ಚನ್ನಬಸಪ್ಪನವರು ನನ್ನನ್ನೇ ಮಾಡಿದರು. ನಾನು ಮೊದಲ ದಿನವೇ ಏರಿ ಒಡೆದೆ. ಹತ್ತೂ ಜನ ಮುಂದಕ್ಕೆ ನುಗ್ಗಬೇಕು ಎಂದೆ. ನುಗ್ಗಿದರು. ಶಿರಾಳಕೊಪ್ಪದವರು ಹಿಂದಿನಿಂದ ಬಂದು ಐದು ಗೋಲು ಹೊಡೆದು ಹೋದರು. ಜನ ನನ್ನನ್ನು ಬೈಯುತ್ತಾರೆಂದು ಕಾದೆ. ವೀರೇಶಿ ಕಟ್ಟೆಯಿಂದ ಇಳಿದು ಪಂಚೆ ಕೊಡವಿಕೊಂಡು, “ವಾಲಿಬಾಲ್ ಶುರುವಾಗೋ ಹೊತ್ತಾತು” ಎಂದು ಹೊರಟ. ಬೈಯಲಿಲ್ಲ.

ಆ ವರ್ಷದ ಸೊರಬ ಪಂದ್ಯ ಸೊರಬದಲ್ಲೇ ಇತ್ತು. ಇದೊಂದು ಗೆದ್ದರೆ ನನ್ನ ಆರು ವರ್ಷದ ಬೈಗುಳಕ್ಕೆ ಅರ್ಥ ಬರುತ್ತದೆ, ಸೋತರೆ ಅದೆಲ್ಲ ಬರೀ ಬಾಯಿಚಪಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಚೆ ಗೆರೆಯಲ್ಲಿ ಅದೇ ಕೊಡೆ, ಅದೇ ಹೊಟ್ಟೆ, ಗೋಲಿನ ಮುಂದೆ ಪೇರಿಸಿದ ಸೊರಬದ ಹನ್ನೊಂದು ಮರಳಿನ ಚೀಲ. ನಮ್ಮವರು ಒದ್ದರು, ಒದ್ದರು, ಒದ್ದೇ ಒದ್ದರು. ಸೊರಬದವರು ನಮ್ಮ ಗೋಲಿನ ಕಡೆಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಸೊನ್ನೆ-ಸೊನ್ನೆ ಆಗಲು ಎರಡೇ ನಿಮಿಷ ಇರುವಾಗ ಚೆಂಡು ಉರುಳುತ್ತ ನಮ್ಮ ಬ್ಯಾಕ್ ಆಟಗಾರನ ಹತ್ತಿರ ಬಂತು. ಆರು ವರ್ಷ ‘ತೂಬು ಹಾಕು’ ಎಂಬುದನ್ನೇ ಕೇಳಿದ್ದವನಿಗೆ ಗೆರೆಯಾಚೆಯಿಂದ ನಾನು “ಹೊಡಿಯೋ!” ಎಂದು ಕಿರುಚಿದ್ದು ಕೇಳಿಸಿತು. ಯಾವ ಕಡೆಗೆ ಎಂದು ನಾನು ಹೇಳಿರಲಿಲ್ಲ. ಹೊಡೆದ. ನಮ್ಮ ಗೋಲಿಗೇ ಹೊಡೆದ. ಗಂಗಾಧರಪ್ಪನವರ ಏಳು ವರ್ಷದ ಮ್ಯಾನೇಜರ್‌ಗಿರಿಯಲ್ಲಿ ಅವರ ಪಾಲಿಗೆ ಬಂದ ಮೊದಲ ಗೋಲು ಅದು.

ಆಟ ಮುಗಿದ ಮೇಲೆ ಅವರು ಬಂದು ನನ್ನ ಕೈ ಹಿಡಿದುಕೊಂಡರು. “ಬನ್ನಿ ಮೇಷ್ಟ್ರೇ, ಬಸ್ಸಿಗೆ ಇನ್ನೂ ಹೊತ್ತಿದೆ. ಮನೇಲಿ ಒಂಚೂರು ಅವಲಕ್ಕಿ ತಿಂದ್ಕೊಂಡು ಹೋಗಿ.” ಹೋದೆ. ಪಡಸಾಲೆಯಲ್ಲಿ ಎದುರು ಗೋಡೆಯ ಮೇಲೆ ನಾವು ಕೊಟ್ಟ ಪಟ. ದೂರದಿಂದಲೇ ಹೂಬಳ್ಳಿ ಕಂಡು ಎದೆ ಉಬ್ಬಿತು. ಧ್ರುವತಾರೆಯನ್ನು ಮತ್ತೊಮ್ಮೆ ಓದೋಣವೆಂದು ಹತ್ತಿರ ಹೋದೆ. ‘ಒಂದು: ಇವರು ಹನ್ನೊಂದು ಜನರನ್ನೂ ಹಿಂದೆ ನಿಲ್ಲಿಸುತ್ತಾರೆ’ ಎಂದಿತ್ತು. ಕಟ್ಟು ನಾವು ಕೊಟ್ಟದ್ದೇ. ಒಳಗಿದ್ದದ್ದು ನನ್ನ ಮೂಗರ್ಜಿ.

ನೆಲ ಬಾಯಿ ಬಿಡಲಿಲ್ಲ. ಗಂಗಾಧರಪ್ಪ ಅವಲಕ್ಕಿಯ ತಟ್ಟೆಯನ್ನು ನನ್ನ ಕೈಗಿಟ್ಟರು. “ಸಾಹೇಬ್ರು ಇದನ್ನ ನಂಗೇ ಕಳಿಸಿ ಸಮಜಾಯಿಷಿ ಕೇಳಿದ್ರು ಮೇಷ್ಟ್ರೇ. ನಮ್ಮನೆಯವ್ರ ತವರು ಚಂದ್ರಗುತ್ತಿ ಹತ್ರ. ವಯಸ್ಸಾದ ಮಾವ ಒಬ್ರೇ ಗದ್ದೆ ಮಾಡ್ತಿದ್ರು. ಸೊರಬಕ್ಕೆ ಹಾಕಿ ಅಂತ ನಾಲ್ಕು ವರ್ಷದಿಂದ ಕೇಳ್ತಿದ್ದೆ, ಆಗಿರ್ಲಿಲ್ಲ. ‘ಅರ್ಜಿಲಿ ಬರ್ದಿರೋದೆಲ್ಲ ನಿಜ, ದಯವಿಟ್ಟು ಸೊರಬಕ್ಕೆ ಹಾಕಿ’ ಅಂತ ಬರ್ದು ಕಳಿಸ್ದೆ. ಆಯ್ತು.”

“ಬಿನ್ನವತ್ತಳೆ?” ಎಂದೆ.

“ಅಟ್ಟದ ಮೇಲಿದೆ. ತಪ್ಪು ತಿಳ್ಕೋಬೇಡಿ. ಅದ್ರಲ್ಲಿರೋನು ಯಾರೋ ನಂಗೆ ಗೊತ್ತಿಲ್ಲ ರೀ. ಇದ್ರಲ್ಲಿ ನಾನಿದೀನಿ. ಕಾರ್ನರ್ ಹೊತ್ತಲ್ಲಿ ಕಣ್ಣು ಮುಚ್ಕೋತೀನಿ ಅಂತ ನಂಗೇ ಗೊತ್ತಿರ್ಲಿಲ್ಲ. ಹುಡುಗ್ರ ಕಾಲಿಂದ ಮುಳ್ಳು ತೆಗೆದಿದ್ದನ್ನೂ ಒಬ್ರು ನೋಡಿದಾರಲ್ಲ ಅಂತ ಖುಷಿ ಆಯ್ತು. ಆರು ವರ್ಷ ನನ್ನನ್ನ ಇಷ್ಟು ಸರಿಯಾಗಿ ನೋಡ್ದೋರು ಬೇರೆ ಯಾರಿದಾರೆ ಹೇಳಿ?” ಅವರು ವ್ಯಂಗ್ಯವಾಡುತ್ತಿರಲಿಲ್ಲ. ಆಡಿದ್ದರೆ ನಾನೂ ಒಂದು ಮಾತು ತಿರುಗಿಸಿ ಆಡಿ ಅವಲಕ್ಕಿ ಮುಗಿಸುತ್ತಿದ್ದೆ.

ಈಗ ನಾನು ಮ್ಯಾನೇಜರಾಗಿ ಎರಡನೆಯ ವರ್ಷ. ಎಲ್ಲ ಪಂದ್ಯಗಳನ್ನೂ ಸೋಲುತ್ತಿದ್ದೇವೆ. ಕಟ್ಟೆಯ ಮೇಲೆ ಆಡುಗಳು ಮಲಗುತ್ತವೆ. ಮೊನ್ನೆ ಬಜಾರಿನಲ್ಲಿ ವೀರೇಶಿಯನ್ನು ತಡೆದು, “ಏನಯ್ಯಾ, ನನ್ನ ಆಟ ಹೇಗೆ ನಡೀತಿದೆ?” ಎಂದು ಕೇಳಿದರೆ, “ಇನ್ನೂ ನಡೀತೈತೇನ್ರಿ?” ಎಂದ. ಬೆಳಿಗ್ಗೆ ಶಾಲೆಗೆ ಹೋದವನು ಮೊದಲು ಹೆಡ್‌ಮಾಸ್ಟರರ ಮೇಜಿನ ಮೇಲಿನ ಟಪಾಲು ನೋಡುತ್ತೇನೆ. ಡ್ರಾಯಿಂಗ್ ಮೇಷ್ಟ್ರ ಮೇಲೆ ಯಾರೋ ನೊಂದ ಕ್ರೀಡಾಭಿಮಾನಿ ಒಂದು ಸಾಲಾದರೂ ಬರೆದಿರಬಹುದೇ ಎಂದು. ಇಷ್ಟು ದಿನಕ್ಕೂ ಒಂದು ಕಾರ್ಡೂ ಬಂದಿಲ್ಲ.

ಹೋದ ಭಾನುವಾರ ಊಟವಾದ ಮೇಲೆ ಡ್ರಾಯಿಂಗ್ ಹಾಳೆ ತೆಗೆದು, ಎಡಗೈಯಲ್ಲಿ ಪೆನ್ನು ಹಿಡಿದು ನಾನೇ ಕೂತೆ. ‘ಒಂದು: ಇವರು ಹಿಂದಿನ ಮ್ಯಾನೇಜರರಂತಿಲ್ಲ’ ಎಂದು ಬರೆದೆ. ಎರಡನೆಯದು ಬೇಕೆನಿಸಲಿಲ್ಲ. ಹಾಳೆ ಖಾಲಿ ಉಳಿಯಿತಲ್ಲ ಎಂದು ಪೆನ್ನನ್ನು ಬಲಗೈಗೆ ಬದಲಿಸಿಕೊಂಡು ಸುತ್ತ ಹೂಬಳ್ಳಿ ಬಿಡಿಸಿದೆ.