ಪೆಟ್ರೋಲ್ ಮುಚ್ಚಳದ ಮೇಲೆ ಮನೆ ಕಟ್ಟಿದ ಕುಂಬಾರ ಹುಳುವಿನವರಿಗೆ

ನನ್ನ ಹಳೆಯ ಗಾರ್ಡನ್ ಟ್ರ್ಯಾಕ್ಟರಿನ ಪೆಟ್ರೋಲ್ ಮುಚ್ಚಳದಲ್ಲಿ ಒಕ್ಕಲಾಗಿದ್ದವರೂ, ಮಣ್ಣಿನ ಕೆಲಸದಲ್ಲಿ ಎಣೆಯಿಲ್ಲದವರೂ ಆದ ಶ್ರೀಮತಿ ಕುಂಬಾರ ಹುಳುವಿನವರ ಸನ್ನಿಧಿಗೆ—

ಮಾನ್ಯರೇ,

ತಾವೂ ತಮ್ಮ ರೆಕ್ಕೆಗಳೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ನಡು ಎಂದಿನಂತೆ ದಾರದೆಳೆಯಷ್ಟೇ ಇರುವುದನ್ನು ಕಿಟಕಿಯಿಂದ ಕಂಡು ಹೊಟ್ಟೆ ಉರಿದುಕೊಂಡದ್ದೂ ಉಂಟು. ಇತ್ತ ನಾವೂ ಕ್ಷೇಮ. ಆದರೆ ಆ ಕ್ಷೇಮಕ್ಕೆ ತಾವು ಮೂರು ವಾರ ಕೊಟ್ಟ ಕಾಟವನ್ನು ಸವಿಸ್ತಾರವಾಗಿ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಬಗೆದು, ಈ ಪತ್ರವನ್ನು ಹೋಗಿಬರುವವರೆಲ್ಲ ಓದುವಂತೆ ಶೆಡ್ಡಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ನಾನು ಕನ್ನಡಕದ ಅಂಗಡಿಯವಳು. ಮೂವತ್ತು ವರ್ಷ ಊರಿನವರ ಮೂಗಿನ ಮೇಲೆ ಗಾಜು ಕೂರಿಸುತ್ತಾ, ಸಾಸಿವೆಯಷ್ಟು ದಪ್ಪದ ಸ್ಕ್ರೂಗಳೊಡನೆ ಹೆಣಗುತ್ತಾ ಬಂದವಳಿಗೆ, ಕೈತುಂಬ ಹಿಡಿಯುವಂಥ ಬೋಲ್ಟೊಂದನ್ನು ಸಾಯುವುದರೊಳಗೆ ತಿರುಗಿಸಬೇಕೆಂಬ ಆಸೆ ಹುಟ್ಟಿದ್ದು ತಪ್ಪೇ? ಸಸಿ ಮಾರುವವರ ಹಿತ್ತಲಲ್ಲಿ, ಒಡೆದ ಕುಂಡಗಳ ರಾಶಿಯಡಿ, ನನ್ನ ಮದುವೆಗಿಂತ ಎರಡು ವರ್ಷ ಹಿರಿಯದಾದ ಈ ಟ್ರ್ಯಾಕ್ಟರ್ ಸಿಕ್ಕಿತು. ಹುಲ್ಲು ಕತ್ತರಿಸಲು, ಗೊಬ್ಬರದ ಗಾಡಿ ಎಳೆಯಲು ಮಾಡಿದ, ಕರುವಿನೆತ್ತರದ ಯಂತ್ರ. ಎಂಟು ತಿಂಗಳು ಅದರ ತುಕ್ಕು ತಿಕ್ಕಿದೆ. ಬಿಗಿದುಹೋಗಿದ್ದ ಪಿಸ್ಟನ್ನಿಗೆ ಎಣ್ಣೆ ಬಿಟ್ಟು ಹನ್ನೊಂದು ದಿನ ಕಾದೆ. "ನನಗಿಂತ ಅದಕ್ಕೇ ಹೆಚ್ಚು ಎಣ್ಣೆ ಹಚ್ತೀಯಲ್ಲೇ" ಎಂದು ನಮ್ಮ ಯಜಮಾನರು ಹಲುಬಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಾಲು ಗಿಡ್ಡವಾದ್ದರಿಂದ ಕ್ಲಚ್ ಪೆಡಲಿಗೆ ಮರದ ತುಂಡು ಜೋಡಿಸಿದೆ. ಹೆಡ್‌ಲೈಟಿನ ಗಾಜನ್ನು ಅಂಗಡಿಯ ಸಾಣೆಯಲ್ಲೇ ಉಜ್ಜಿ ಕೂರಿಸಿದೆ. ಹಿಂದಕ್ಕೆ ಒಬ್ಬರು ಮಂಡಿ ಮಡಚಿ ಕೂರಬಹುದಾದ ಗಾಡಿ ಕಟ್ಟಿದೆ. ಕೊನೆಗೆ ಮೂತಿಯಿಂದ ಬಾಲದವರೆಗೆ ಎರಡು ಕೈ ಹಸಿರು ಬಣ್ಣ ಹೊಡೆದೆ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ನಡುವಿನ ಗುಳಿಯಲ್ಲಿ ಒಳಕ್ಕೆ ಗಾಳಿ ಹೋಗಲೆಂದು ಒಂದು ಪುಟ್ಟ ತೂತಿರುತ್ತದೆಂದು ನನಗೆ ಗೊತ್ತಿರಲಿಲ್ಲ, ತಮಗೆ ಗೊತ್ತಿತ್ತು. ತಾವು ಆ ಗುಳಿ ತುಂಬ ಮಣ್ಣು ಮೆತ್ತಿ ಗೂಡು ಕಟ್ಟಿದ ನಯ ಎಂಥದ್ದೆಂದರೆ, ಅದು ಕಾರ್ಖಾನೆಯವರೇ ಬಿಟ್ಟ ಉಬ್ಬೆಂದು ತಿಳಿದು ಅದರ ಮೇಲೂ ಶ್ರದ್ಧೆಯಿಂದ ಬಣ್ಣ ಬಳಿದೆ. ಊರಿನವರ ಕಣ್ಣು ಪರೀಕ್ಷಿಸುವವಳ ಕಣ್ಣಿಗೇ ಮಣ್ಣೆರಚಿದ ತಮ್ಮ ಪ್ರತಿಭೆಗೆ ನಮೋ ನಮಃ.

ಪರಿಣಾಮವನ್ನು ತಾವು ಹಾರಾಡುತ್ತಲೇ ನೋಡಿದ್ದೀರಿ. ಎಂಜಿನ್ ಒಂದೇ ಏಟಿಗೆ ಹೊತ್ತಿಕೊಳ್ಳುವುದು, ಸರಿಯಾಗಿ ಹನ್ನೆರಡು ನಿಮಿಷ ರಾಜಠೀವಿಯಿಂದ ಓಡುವುದು, ಎರಡು ಸಲ ಕೆಮ್ಮಿ ನಿಲ್ಲುವುದು. ಅರ್ಧ ಗಂಟೆ ಬಿಟ್ಟರೆ ಏನೂ ಆಗದವರಂತೆ ಮತ್ತೆ ಓಡುವುದು. ಪ್ಲಗ್ ಬದಲಿಸಿದೆ, ಪೈಪ್ ಬದಲಿಸಿದೆ, ಕಾರ್ಬ್ಯುರೇಟರನ್ನು ಬಿಚ್ಚಿ ಬಿಚ್ಚಿ ಅದರ ಒಳಗು ನನ್ನ ಅಡುಗೆಮನೆಗಿಂತ ಚೊಕ್ಕಟವಾಯಿತು. ಬದನೆ ಪಾತಿಯಲ್ಲಿ ನಿಂತಿತು, ಗೇಟಿನಲ್ಲಿ ನಿಂತಿತು, ಒಮ್ಮೆ ನಡುರಸ್ತೆಯಲ್ಲಿ ನಿಂತು ಹಾಲಿನ ವ್ಯಾನಿನವರಿಂದ ನನ್ನ ವಯಸ್ಸಿಗೆ ತಕ್ಕುದಲ್ಲದ ಮಾತು ಕೇಳಿಸಿತು. ಆ ತಿಂಗಳ ಕೊನೆಯ ಭಾನುವಾರ ಆಟದ ಮೈದಾನದಲ್ಲಿ ಹಳೆಯ ಯಂತ್ರಗಳ ಮೆರವಣಿಗೆ. ಅಲ್ಲಿ ಅರ್ಧ ಗಂಟೆ ಓಡಿಸುತ್ತೇನೆಂದು ನಾನು ಹೆಸರು ಕೊಟ್ಟಾಗಿತ್ತು.

ಇಲ್ಲಿ ತಮಗೆ ನನ್ನ ವಾರಗಿತ್ತಿಯ ಪರಿಚಯ ಮಾಡಿಕೊಡಬೇಕು. ಭಾವನವರ ಹೆಂಡತಿ, ಗೋಡೆಯಾಚೆಯೇ ಮನೆ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವರು. ಮೂರು ವರ್ಷದ ಹಿಂದೆ ನಾನು ಅವರಿಗೊಂದು ಕನ್ನಡಕ ಮಾಡಿಕೊಟ್ಟೆ. "ಇದನ್ನ ಹಾಕಿದ್ರೆ ಮೆಟ್ಟಿಲೆಲ್ಲ ನೆಲದ ಥರ ಕಾಣುತ್ತೆ ಕಣೇ" ಎಂದು ನೆಂಟರೆಲ್ಲರ ಎದುರು ಅಂದರು. "ಕನ್ನಡಕ ಸರಿಯಾಗೇ ಇದೆ, ನೋಡೋರ ನೋಟ ಸರಿಯಿಲ್ಲ" ಎಂದು ನಾನೂ ಅಂದುಬಿಟ್ಟೆ. ಮರುವಾರ ಅವರು ಅದೇ ಕನ್ನಡಕದಲ್ಲಿ ಮೆಟ್ಟಿಲು ತಪ್ಪಿ ಬಿದ್ದು ಪಾದ ಮುರಿದುಕೊಂಡರು. ಅಲ್ಲಿಂದ ಮಾತಿಲ್ಲ, ಕತೆಯಿಲ್ಲ.

ಗೋಡೆಯಾಚೆ ಒಂದು ಎಂಜಿನ್ ದಿನಕ್ಕೆ ನಾಲ್ಕು ಸಲ ಸಾಯುವುದನ್ನು ಕೇಳಿಯೂ ಸುಮ್ಮನಿರುವುದು ಅಂಥವರಿಂದ ಎಷ್ಟು ದಿನ ಸಾಧ್ಯ? ಹದಿನಾರನೆಯ ದಿನ ಗೋಡೆಯ ಮೇಲೆ ತಲೆ ಕಾಣಿಸಿತು. ಮಾತು ನನ್ನೊಡನೆಯಲ್ಲ, ಮೈದುನನೊಡನೆ: "ಅದಕ್ಕೆ ಪೆಟ್ರೋಲ್ ಇಳೀತಿಲ್ಲ ಅಂತ ನಿನ್ನ ಹೆಂಡ್ತಿಗೆ ಹೇಳಪ್ಪಾ." "ಟ್ಯಾಂಕ್ ತುಂಬಿದೆ ಅಂತ ನಿಮ್ಮ ಅತ್ತಿಗೆಗೆ ಹೇಳ್ರೀ" ಎಂದೆ ನಾನು. ಯಜಮಾನರು ಮೂರು ದಿನ ಹೀಗೆ ಟೆಲಿಫೋನ್ ತಂತಿಯಾಗಿ ಸೇವೆ ಸಲ್ಲಿಸಿ, ನಾಲ್ಕನೆಯ ದಿನ ಬೆಳಿಗ್ಗೆ ಕ್ಷೌರಕ್ಕೆಂದು ಹೋದವರು ಊಟದ ಹೊತ್ತಾದರೂ ಬರಲಿಲ್ಲ.

ಎಂಜಿನ್ ನಿಂತಿತು. ಗೋಡೆಯ ಆಚೆ ಅವರು, ಈಚೆ ನಾನು. ಮಧ್ಯೆ ತಂತಿಯಿಲ್ಲ.

"ಮುಚ್ಚಳ ತೆಗಿ" ಎಂದರು. ಮೂರು ವರ್ಷದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು. ತಿರುಗಿಸಿದೆ. ಟ್ಯಾಂಕು ಸುಸ್ಸೆಂದು ಉಸಿರೆಳೆದುಕೊಂಡಿತು. "ಕೇಳಿಸ್ತಾ? ಗಾಳಿ ಇಲ್ದೆ ಉಸಿರು ಕಟ್ಟಿದೆ ಅದಕ್ಕೆ" ಎನ್ನುತ್ತಾ ಸುತ್ತಿಕೊಂಡು ಗೇಟಿನಿಂದ ಒಳಗೆ ಬಂದು, ಮುಚ್ಚಳವನ್ನು ಕೈಗೆ ತೆಗೆದುಕೊಂಡು, ತೂತು ಹುಡುಕಲು ಕೈಯನ್ನು ಹಿಂದೆ ಮುಂದೆ ಮಾಡತೊಡಗಿದರು. ಬೇರೆ ಅಂಗಡಿಯ ಕನ್ನಡಕ. ನಂಬರು ಬದಲಾಗಿ ವರ್ಷವಾದರೂ ಆಗಿದೆಯೆಂದು ನೋಡಿದೊಡನೆ ತಿಳಿಯಿತು. ಅದರೊಟ್ಟಿಗೆ, ತಿಳಿದೂ ನುಂಗಿಕೊಂಡಿದ್ದ ಇನ್ನೊಂದು ವಿಷಯವೂ ಗಂಟಲಿಗೆ ಬಂತು.

ಮಾನ್ಯರೇ, ಅವರು ಬಿದ್ದ ಮರುದಿನವೇ ನಾನು ಅಂಗಡಿಗೆ ಹೋಗಿ ಅಳತೆಯ ಚೀಟಿ ತೆಗೆದು ನೋಡಿದ್ದೆ. ಎರಡು ಕಣ್ಣಿನ ನಡುವಿನ ಅಂತರವನ್ನು ಅವಸರದಲ್ಲಿ ತಪ್ಪು ಬರೆದಿದ್ದೆ. ಚೀಟಿಯನ್ನು ಮಡಚಿ ಡ್ರಾಯರಿನಲ್ಲಿಟ್ಟೆ, ಬಾಯಿ ಮುಚ್ಚಿಕೊಂಡೆ. ಡಿಪೋದಲ್ಲಿ ನಿವೃತ್ತರಾಗುವವರು ಕೊನೆಯ ದಿನ ಒಂದು ಬಸ್ಸನ್ನು ಅಂಗಳದ ಸುತ್ತ ತಾವೇ ಓಡಿಸುವ ರೂಢಿ. ಅದೇ ತಿಂಗಳು ಬಂದ ತಮ್ಮ ಕೊನೆಯ ದಿನ ಅವರು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತು ಹಾರ ಹಾಕಿಸಿಕೊಂಡರು.

"ಅಕ್ಕಾ, ಆ ಕನ್ನಡಕದ ತಪ್ಪು ನಂದೇ" ಎಂದೆ.

ಅವರು ಮುಚ್ಚಳದಿಂದ ಕಣ್ಣೆತ್ತಲಿಲ್ಲ. "ಗೊತ್ತು. ಇನ್ನೊಂದು ಅಂಗಡಿಯವ್ನು ಮೊದಲ್ನೇ ದಿನಾನೇ ಹೇಳಿದ. ನೀನು ಹೇಳ್ತೀಯಾ ಅಂತ ಕಾಯ್ತಿದ್ದೆ" ಎಂದರು. ಮುಚ್ಚಳವನ್ನು ಬೆಳಕಿಗೆ ಹಿಡಿದು, "ಅಳ್ಬೇಡ, ಒಂದು ಸೂಜಿ ತಾ" ಎಂದರು.

ಸೂಜಿ ತಂದೆ. ನನ್ನ ಕನ್ನಡಕವನ್ನೇ ಅವರ ಮೂಗಿಗೇರಿಸಿದೆ. ಹಸಿರು ಬಣ್ಣದ ಹೊದಿಕೆ ಒಡೆದು ತಮ್ಮ ಗೃಹದ ಮಣ್ಣು ಉದುರಿತು. ಒಳಗಿದ್ದದ್ದು ಒಣಗಿದ ಒಂದು ಹುಳು, ಇಷ್ಟು ಪುಡಿ. ಆ ನಷ್ಟಕ್ಕೆ ನನ್ನ ವಿಷಾದವನ್ನು ಸ್ವೀಕರಿಸಬೇಕು. ಭಾನುವಾರ ಟ್ರ್ಯಾಕ್ಟರ್ ನಲವತ್ತು ನಿಮಿಷ ನಿಲ್ಲದೆ ಓಡಿತು. ಓಡಿಸಿದ್ದು ಅಕ್ಕ. ಡಿಪೋದ ಹಳೆಯ ಸಂಗಾತಿಗಳು ಹಗ್ಗದಾಚೆ ನಿಂತು ಸೀಟಿ ಹೊಡೆದರು. ನಾನು ಹಿಂದಿನ ಗಾಡಿಯಲ್ಲಿ ಮಂಡಿ ಮಡಚಿ ಕೂತು, ತಿರುವಿನಲ್ಲಿ ಒಮ್ಮೆ ಉರುಳಿಯೂ ಬಿದ್ದು, ಅವರ ಬೆನ್ನನ್ನೇ ನೋಡುತ್ತಿದ್ದೆ. ಅವರು ಒಮ್ಮೆಯೂ ಹಿಂತಿರುಗಲಿಲ್ಲ. ಆದರೆ ಮುಖ ಒರೆಸಿಕೊಂಡದ್ದು ಧೂಳಿಗಲ್ಲ.

ಇಷ್ಟೆಲ್ಲ ಉಪಕಾರದ ನಂತರ ದೂರೇನು ಎನ್ನುವಿರಾ? ಅಕ್ಕ ಈಗ ದಿನವೂ ಬರುತ್ತಾರೆ. ನನ್ನ ಪೆಡಲಿನ ಮರದ ತುಂಡನ್ನು "ಇದೇನು ಅಡುಗೆಮನೆ ಮಣೆಯಾ?" ಎಂದು ಕಿತ್ತೆಸೆದಿದ್ದಾರೆ. ನನ್ನ ಸ್ಪ್ಯಾನರುಗಳನ್ನು ಅವರಿಗೆ ಬೇಕಾದ ಕ್ರಮದಲ್ಲಿ ಜೋಡಿಸಿದ್ದಾರೆ. ನನಗೆ ಈಗ ಒಂದೂ ಸಿಗುವುದಿಲ್ಲ. ಆದಕಾರಣ ತಾವು ಇನ್ನು ಮುಂದೆ ಗೂಡು ಕಟ್ಟುವ ಮುನ್ನ ನಕ್ಷೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಬೇಕೆಂದೂ, ಗೋಡೆಗೆ ಆರು ವಾರ ನೀರುಣಿಸಬೇಕೆಂದೂ, ನನ್ನ ಯಂತ್ರದಲ್ಲಿ ದಿನಕ್ಕೊಂದು ಸಣ್ಣ ತೊಂದರೆಯನ್ನು, ಅಂದರೆ ಅಕ್ಕನಿಗೆ ಬೇಸರವಾಗದಷ್ಟು ಮಾತ್ರ, ತಪ್ಪದೆ ಒದಗಿಸಬೇಕೆಂದೂ ವಿನಮ್ರವಾಗಿ ಕೋರುತ್ತೇನೆ.

ಪೆಟ್ರೋಲ್ ಟ್ಯಾಂಕಿನ ವಿಷಯವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ
ತಮ್ಮ ವಿಶ್ವಾಸಿ,
ಕನ್ನಡಕದಂಗಡಿಯವಳು

ಮರೆತ ಮಾತು: ಇಂದು ಬೆಳಿಗ್ಗೆ ತಾವು ನಮ್ಮ ಮುಂಬಾಗಿಲ ಬೀಗದ ತೂತಿನೊಳಗೆ ಹೊಕ್ಕು ಹೊರಬಂದು ಅಳತೆ ತೆಗೆಯುತ್ತಿದ್ದುದನ್ನು ಕಂಡೆ. ಆಕ್ಷೇಪಣೆಯಿಲ್ಲ. ನಾದಿನಿ ಮಕ್ಕಳನ್ನು ಕರೆದುಕೊಂಡು ಒಂದು ತಿಂಗಳು ಇರುವುದಕ್ಕೆ ಶುಕ್ರವಾರ ಬರುತ್ತಾಳಂತೆ. ಗುರುವಾರದೊಳಗೆ ಗಾರೆ ಒಣಗುವಂತೆ ನೋಡಿಕೊಂಡರೆ ಮಹದುಪಕಾರ.